ತೊಬೀಯ ಚಾಪೆ ತುಳಿದದ್ದು

“ಏಳ್ದಿಣ್ಣೆಯ ಸಮಸ್ತ ಪ್ರಜೆಗಳೂ ಕಿವಿಗೊಟ್ಟು ಕೇಳಿ! ರಾಜಕುಮಾರಿ ದೀನಾ ಒಡ್ಡುವ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಕೊಟ್ಟು ಮದುವೆ ಮಾಡಿ, ಯೋತಾಮ ಮಹಾರಾಜರು ಗದ್ದುಗೆಯನ್ನೂ ಬಿಟ್ಟುಕೊಡುತ್ತಾರೆ. ಒಂದೇ ಒಂದು ತಪ್ಪಿದರೂ ತಲೆ ಉಳಿಯದು. ಆಸ್ಥಾನದ ಕೆಂಪು ಚಾಪೆ ತುಳಿದವನು ಪಂದ್ಯಕ್ಕೆ ನಿಂತ ಹಾಗೆ. ಹಿಂದೆ ಸರಿಯುವಂತಿಲ್ಲ!”

ಡಂಗುರ ಕೇಳಿ ಗಂಡುಗಳು ಬಂದೇ ಬಂದರು. ಯಾರೇ ಬರಲಿ, ಮೊದಲು ಬಾಗಿಲಲ್ಲಿ ತೊಬೀಯನ ಮುಂದೆ ಕಾಲು ಚಾಚಬೇಕು. ಬಂದವರ ಪಾದ ತೊಳೆದು, ಒರೆಸಿ ಒಳಗೆ ಬಿಡುವುದು ಆ ಅರಮನೆಯ ಪದ್ಧತಿ. ತೊಳೆಯುವುದು ತೊಬೀಯನ ಕೆಲಸ. ಬಡವರ ಹುಡುಗ, ಆದರೆ ಕೆಲಸದಲ್ಲಿ ಮಹಾ ಹಟಮಾರಿ. ಉಗುರಿನ ಸಂದಿಯಲ್ಲಿ ಒಂದು ಚೂರು ಮಣ್ಣು ಉಳಿದರೂ ಅವನಿಗೆ ಊಟ ಸೇರುತ್ತಿರಲಿಲ್ಲ.

ಮೊದಲು ಚಾಪೆ ಹತ್ತಿದವನು ನೆರೆರಾಜ್ಯದ ಯುವರಾಜ.

“ಕೂಡಿಟ್ಟರೆ ಸವೆದು ಹೋಗುತ್ತೆ, ಮಣ್ಣಿಗೆ ಚೆಲ್ಲಿದರೆ ಮನೆ ತುಂಬುತ್ತೆ. ಏನದು?” ಎಂದಳು ದೀನಾ.

“ಬೆಣ್ಣೆ!”

“ಬೆಣ್ಣೆ ಚೆಲ್ಲಿದರೆ ಮನೆ ಏನು ತುಂಬುತ್ತೆ?”

“ಇರುವೆ.”

ಸಭೆಯೆಲ್ಲ ಗೊಳ್ಳೆಂದಿತು. ಯುವರಾಜನನ್ನು ಸೆರೆಮನೆಗೆ ಒಯ್ದರು. ತಲೆ ಕಡಿಯುವ ಆಳಿಗೆ ತೋಳು ಉಳುಕಿತ್ತು ನೋಡಿ. ಎಲ್ಲರದ್ದೂ ಸೋಮವಾರ ಒಟ್ಟಿಗೆ ಎಂದು ತೀರ್ಮಾನವಾಗಿತ್ತು.

ಆಮೇಲೆ ಬಂದವನು ರೇಷ್ಮೆ ವ್ಯಾಪಾರಿ. “ನನಗೆ ಎರಡನೆಯದನ್ನೇ ಮೊದಲು ಕೇಳಿ,” ಎಂದು ಚೌಕಾಸಿ ಮಾಡಿದ.

“ಆಗಲಿ. ಒಂದು ಬಾಗಿಲು ಇದೆ. ಭಿಕ್ಷುಕ ಇದ್ದ ಹಾಗೇ ದಾಟುತ್ತಾನೆ. ಧಣಿ ಮಾತ್ರ ಎಲ್ಲ ಬಿಚ್ಚಿಟ್ಟು ದಾಟಬೇಕು. ಯಾವುದು?”

“ಬಚ್ಚಲುಮನೆ ಬಾಗಿಲು!”

ಅವನೂ ಸೆರೆಮನೆಗೆ ಹೋದ.

ಮೂರನೆಯವನು ಸೇನಾಪತಿ. ಅವನಿಗೆ ಕಾಲು ತೊಳೆಸಿಕೊಳ್ಳುವ ವ್ಯವಧಾನವೂ ಇರಲಿಲ್ಲ, ದಡದಡನೆ ಒಳನುಗ್ಗಿ ಚಾಪೆ ಹತ್ತಿದ. “ನನಗೆ ಕೊನೆಯದೇ ಇರಲಿ!”

“ನಮ್ಮ ರಾಜ್ಯದಲ್ಲಿ ಎಲ್ಲರಿಗಿಂತ ದೊಡ್ಡವರು ಒಬ್ಬರಿದ್ದಾರೆ. ಅವರು ಕೂತದ್ದನ್ನು ಯಾರೂ ನೋಡಿಲ್ಲ. ಯಾರು?”

ಸೇನಾಪತಿ ಮೀಸೆ ತಿರುವಿದ. “ಇದಕ್ಕೆ ಯೋಚನೆ ಯಾಕೆ? ನಮ್ಮ ಮಹಾರಾಜರೇ!”

“ಸೇನಾಪತಿಗಳೇ, ಅಪ್ಪಾಜಿ ಕೂತದ್ದನ್ನು ಬಿಟ್ಟು ಬೇರೇನಾದರೂ ನೀವು ನೋಡಿದ್ದೀರಾ?”

ಅಷ್ಟರಲ್ಲಿ ತೊಬೀಯ ತಂಬಿಗೆ ಹಿಡಿದು ಓಡಿಬಂದ. “ಸ್ವಾಮೀ, ಹಿಮ್ಮಡಿ! ಹಿಮ್ಮಡಿಯಲ್ಲಿ ಕೆಸರು ಉಳಿದಿದೆ!” ಎನ್ನುತ್ತ ಬಗ್ಗಿ ಸೇನಾಪತಿಯ ಕಾಲು ಹಿಡಿದ. ಸಭೆಯವರೆಲ್ಲ ಅವನ ಕಾಲನ್ನೇ ನೋಡತೊಡಗಿದರು. ತೊಬೀಯ ಕೆಳಗೆ ನೋಡಿದರೆ, ತನ್ನ ಎರಡೂ ಪಾದ ಕೆಂಪು ಚಾಪೆಯ ಮೇಲೆ!

“ತುಳಿದಾಯ್ತು,” ಎಂದ ಮಂತ್ರಿ.

“ಅಯ್ಯೋ, ಕಾಲು ತೊಳೆಯೋಕೆ ಬಂದೆ ಬುದ್ಧೀ! ತಲೆ ಕೊಡೋಕಲ್ಲ!”

ಡಂಗುರ ಅಂದಮೇಲೆ ಡಂಗುರ. ದೀನಾ ಮೂರೂ ಒಗಟನ್ನು ಮತ್ತೆ ಹೇಳಿದಳು. ತೊಬೀಯ ತಂಬಿಗೆ ಕೆಳಗಿಟ್ಟ.

“ಮೊದಲನೆಯದು ಬಿತ್ತನೆ ಕಾಳು ಅಮ್ಮಾವ್ರೇ. ಕಣಜದಲ್ಲಿ ಬಚ್ಚಿಟ್ಟರೆ ಹುಳ ತಿನ್ನುತ್ತೆ. ಮಣ್ಣಿಗೆ ಬಿದ್ದು ಸತ್ತರೆ ತಾನೇ ನೂರಾಗೋದು? ಸಿರಿಯೂ ಹಾಗೇ ಅಂತ ನಮ್ಮವ್ವ ಹೇಳೋಳು.”

“ಎರಡನೆಯದು?”

“ಸಾವಿನ ಬಾಗಿಲು. ಈಗ ನನಗೆ ಅದು ಚೆನ್ನಾಗಿಯೇ ಕಾಣ್ತಿದೆ.”

ದೀನಾ ತುಟಿ ಕಚ್ಚಿ ನಗು ತಡೆದಳು. “ಮೂರನೆಯದು?”

ರಾಜರು ಗದ್ದುಗೆಯ ತುದಿಗೆ ಬಂದು ಕೂತರು. ತೊಬೀಯ ಒಮ್ಮೆ ಅವರನ್ನು ನೋಡಿದ, ಒಮ್ಮೆ ಬಾಗಿಲ ಬಳಿ ತೋಳು ನೀವಿಕೊಳ್ಳುತ್ತಿದ್ದ ಕೊಡಲಿಯವನನ್ನು ನೋಡಿದ. ರಾಜರ ಸಿಟ್ಟಿಗೆ ಹೆದರಿ ಉತ್ತರ ನುಂಗಿಕೊಳ್ಳೋಣ ಅನ್ನಿಸಿತು. ಆದರೆ ಬಾಯಿ ಕೇಳಬೇಕಲ್ಲ!

“ಅಡುಗೆಮನೆ ಹುಲ್ದಮ್ಮ.”

“ಏನಂದೆ? ನನಗಿಂತ ಅಡುಗೆಯವಳು ದೊಡ್ಡವಳಾ?” ರಾಜರು ಗುಡುಗಿದರು.

“ಬುದ್ಧೀ, ನಲವತ್ತು ವರ್ಷದಿಂದ ಎಲ್ಲರಿಗೂ ಬಡಿಸಿ, ಕೊನೆಗೆ ನಿಂತೇ ಉಣ್ಣೋಳು. ನೀವೇ ಹೇಳಿ, ಗುರುವಾಗಿದ್ದೂ ಶಿಷ್ಯರ ಕಾಲು ತೊಳೆದವರನ್ನೇ ಅಲ್ವಾ ನಾವು ಕರ್ತರು, ದೇವರು ಅಂತ ಕರೆಯೋದು?”

ಕೊಡಲಿಯವನು ಎದ್ದು ನಿಂತ. ದೀನಾ ಅಡ್ಡ ಬಂದಳು.

“ಅಪ್ಪಾಜಿ, ಹೋದ ತಿಂಗಳು ನಿಮಗೆ ಜ್ವರ ಬಂದು ಹತ್ತು ದಿನ ಆಸ್ಥಾನಕ್ಕೆ ಬರಲಿಲ್ಲ. ಮಂತ್ರಿಗಳಿಗೆ ಗೊತ್ತೇ ಆಗಲಿಲ್ಲ. ಹುಲ್ದಮ್ಮ ಒಂದು ಹೊತ್ತು ಬರದಿದ್ದಾಗ ಏನಾಯ್ತು?”

ರಾಜರು ಗಡ್ಡ ಕೆರೆದುಕೊಂಡರು. “ನಾನು ಹಸಿವಿಗೆ ಅತ್ತೆ,” ಎಂದು ಒಪ್ಪಿಕೊಂಡರು. “ಸರಿ, ನೀನೇ ಗೆದ್ದೆ. ಮಗಳು, ಗದ್ದುಗೆ ಬಿಟ್ಟು ಇನ್ನೇನು ಬೇಕೋ ಕೇಳಪ್ಪ.”

“ಸೆರೆಯಲ್ಲಿರುವ ಇಬ್ಬರನ್ನೂ ಸೇನಾಪತಿಗಳನ್ನೂ ಬಿಟ್ಟುಬಿಡಿ ಬುದ್ಧೀ.”

ಬಿಟ್ಟರು. ಕೊಡಲಿಯವನೇ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟ.

ಮದುವೆಯ ದಿನ ಪಂಕ್ತಿ ಕೂತಾಗ ಮದುಮಗನೇ ಮಾಯ! ಹುಡುಕಿದರೆ, ಹುಲ್ದಮ್ಮನನ್ನು ಮೊದಲ ಎಲೆಗೆ ಕೂರಿಸಿ ಅವಳಿಗೆ ಪಾಯಸ ಬಡಿಸುತ್ತಿದ್ದ. ಹುಲ್ದಮ್ಮ ನಾಚಿ, “ಎದ್ದು ಬಿಡ್ತೀನಿ ಕಣಪ್ಪ, ಕೂತು ಉಂಡು ಅಭ್ಯಾಸ ಇಲ್ಲ,” ಎನ್ನುತ್ತಿದ್ದಳು. ದೀನಾ ರೇಷ್ಮೆ ಸೆರಗು ಸೊಂಟಕ್ಕೆ ಸಿಕ್ಕಿಸಿ ತುಪ್ಪದ ಗಿಂಡಿ ಎತ್ತಿಕೊಂಡಳು. ಮಾಜಿ ಮಹಾರಾಜರ ಕೈಗೆ ಉಪ್ಪಿನಕಾಯಿ ಬಟ್ಟಲು ಕೊಟ್ಟು ಹೇಳಿದಳು:

“ಬೇಗ ಹೆಜ್ಜೆ ಹಾಕಿ ಅಪ್ಪಾಜಿ, ಆ ಕೊನೆ ಸಾಲಿಗೆ ಇನ್ನೂ ಏನೂ ಹೋಗಿಲ್ಲ.”