ಎದೆಯಲ್ಲಿ ಕಾವು ಕೊಟ್ಟ ಬೋಧಕರು

ಫ್ರಾನ್ಸ್ ದೇಶದ ದಕ್ಷಿಣದಲ್ಲಿರುವ ಸೆವೆನ್ ಎಂಬ ಬೆಟ್ಟಸೀಮೆಯಲ್ಲಿ, ಸುಮಾರು ಇನ್ನೂರು ವರ್ಷಗಳ ಹಿಂದೆ, ಮೆಥೊಡಿಸ್ಟ್ ಬೋಧಕರಾದ ಪೂಜ್ಯ ಎಲಿಸೆ ರೂವಿಯೆರ್ ಅವರು ಸುವಾರ್ತೆ ಸಾರುತ್ತಿದ್ದರು. ಅವರಿಗೆ ಸ್ವಂತ ಮನೆಯಿರಲಿಲ್ಲ. ಯಾರದೋ ಕೊಟ್ಟಿಗೆಯಲ್ಲಿ ಮಲಗಿ, ಹಳ್ಳಿಯಿಂದ ಹಳ್ಳಿಗೆ ನಡೆಯುತ್ತಿದ್ದರು. ಅವರು ಬೋಧಿಸಿದರೆ ಆಚೆ ಬೆಟ್ಟಕ್ಕೂ ಕೇಳುತ್ತಿತ್ತು.

ಅಲ್ಲಿನವರ ಬದುಕು ರೇಷ್ಮೆ. ವಸಂತದಲ್ಲಿ ಹೆಂಗಸರು ಹುಳುವಿನ ಮೊಟ್ಟೆಗಳನ್ನು ಬಟ್ಟೆಯ ಚೀಲದಲ್ಲಿಟ್ಟು, ಒಡೆಯುವವರೆಗೂ ಎದೆಗೆ ಕಟ್ಟಿಕೊಂಡು ಕಾವು ಕೊಡುತ್ತಿದ್ದರು. ಗಂಡಸರು ಮುಟ್ಟುತ್ತಿರಲಿಲ್ಲ. ರೇಷ್ಮೆ ಮಾರುವಾಗ ಮಾತ್ರ ಮುಂದೆ ಬರುತ್ತಿದ್ದರು.

ಆ ವರ್ಷ ವಿಕ್ಟೋರಿನ್ ಎಂಬ ವಿಧವೆಗೆ ಜ್ವರ ಬಂತು. ಜ್ವರದ ಮೈಯ ಕಾವಿಗೆ ಮೊಟ್ಟೆ ಸಾಯುತ್ತದೆ. ಸತ್ತರೆ ಆ ವರ್ಷ ಮಕ್ಕಳಿಗೆ ಅನ್ನವಿಲ್ಲ. ಜ್ವರದ ಮನೆಯ ಚೀಲ ಕೇಡೆಂದು ನೆರೆಯ ಹೆಂಗಸರು ಮುಖ ತಿರುಗಿಸಿದರು. ಆಗ ಬೋಧಕರು ಬಾಗಿಲಿಗೆ ಬಂದರು.

"ಪ್ರಾರ್ಥನೆ ಬೇಡ, ಸ್ವಾಮಿ," ಎಂದಳು ಆಕೆ. "ನನ್ನ ಗಂಡ ಸಾಯುವಾಗ ಬೇಕಾದಷ್ಟು ಮಾಡಿದ್ದೆ. ಈಗ ಬೇಕಾಗಿರುವುದು ಬೆಚ್ಚಗಿನ ಎದೆ."

"ಎದೆ ನನಗೂ ಇದೆ, ತಾಯಿ. ಕೊಡಿ."

ಅವರು ಚೀಲವನ್ನು ಅಂಗಿಯೊಳಗೆ ಕಟ್ಟಿಕೊಂಡರು. ಬೆವರು ತಾಕಬಾರದೆಂದು ಮೆಲ್ಲಗೆ ನಡೆದರು, ಮೆಲ್ಲಗೆ ಬೋಧಿಸಿದರು. ಚೀಲ ನಲುಗೀತೆಂದು ಕೂತೇ ನಿದ್ರಿಸಿದರು. ಊರಿನ ಕಮ್ಮಾರ ಬಿಡುತ್ತಾನೆಯೇ?

"ಏನು ಬೋಧಕರೇ, ಎಷ್ಟು ತಿಂಗಳು?"

"ದಿನ ತುಂಬುತ್ತಾ ಬಂದಿದೆ, ಅಣ್ಣ."

ಭಾನುವಾರ ಕೊಟ್ಟಿಗೆಯಲ್ಲಿ ಸಭೆ ಸೇರಿತು. ಜ್ವರ ಇಳಿದಿದ್ದ ವಿಕ್ಟೋರಿನ್ ಕಂಬಳಿ ಹೊದ್ದು ಬಂದು ಬಾಗಿಲಲ್ಲೇ ನಿಂತಳು. ಅವಳು ಬಂದದ್ದು ದೇವರಿಗಾಗಿ ಅಲ್ಲ, ಮೊಟ್ಟೆಗಾಗಿ. ಎಲ್ಲರೂ ಮೊಣಕಾಲೂರಿ ಹಾಡತೊಡಗಿದರು. ಬೋಧಕರು ಮಾತ್ರ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಅಲುಗದೆ ನಿಂತಿದ್ದರು. ನಂತರ ಕಣ್ಣು ತೆರೆದರು.

"ತಾಯಿ, ಬನ್ನಿ. ನಿಮ್ಮವು ಬಂದಿವೆ."

ಅಂಗಿ ಬಿಚ್ಚಿ ಚೀಲ ತೆರೆದರು. ಸಾಸಿವೆಗಿಂತ ಚಿಕ್ಕ ಮೊಟ್ಟೆಗಳಿಂದ ಕೂದಲೆಳೆಯಂಥ ಕಪ್ಪು ಜೀವಗಳು ಹೊರಟಿದ್ದವು. ಕೆಲವು ಆಗಲೇ ಆ ಪುಣ್ಯಪುರುಷರ ಎದೆಯ ಮೇಲೆ ಹರಿದಾಡುತ್ತಿದ್ದವು. ಹಾಡು ನಿಂತಿತು. ಕಮ್ಮಾರ ಟೋಪಿ ತೆಗೆದ.

"ಬಾಯಿ ಬಿಟ್ಟುಕೊಂಡು ನಿಂತೆಯಲ್ಲ, ಹೋಗಿ ಚಿಗುರು ಸೊಪ್ಪು ತಾ!" ಎಂದು ವಿಕ್ಟೋರಿನ್ ಗದರಿದಳು. ಅವನು ಓಡಿದ.

ಎಳೆಯ ಹಿಪ್ಪುನೇರಳೆ ಎಲೆಗಳ ಮೇಲೆ ಹುಳುಗಳನ್ನೆಲ್ಲ ಹತ್ತಿಸಿಕೊಂಡ ಮೇಲೆ ಆಕೆ ಬರಿದಾದ ಚೀಲವನ್ನು ಕೆನ್ನೆಗೆ ಒತ್ತಿಕೊಂಡಳು. ಅದಿನ್ನೂ ಬಿಸಿಯಾಗಿತ್ತು. ಅಲ್ಲೇ ಹುಲ್ಲಿನ ಮೇಲೆ ಮೊಣಕಾಲೂರಿ, ಗಂಡ ತೀರಿಕೊಂಡ ಮೇಲೆ ಮೊದಲ ಬಾರಿಗೆ ದೇವರೊಡನೆ ಮಾತಾಡಿದಳು:

"ನೀನು ಇಷ್ಟು ಬೆಚ್ಚಗಿದ್ದೀಯೆಂದು ನನಗೆ ಯಾರೂ ಹೇಳಿರಲಿಲ್ಲ."