ಹದ್ದು ಹೋದ ಮೇಲೆ ಬೊಗಳಿದ ನಾಯಿ

ಪುಟ್ಟೀರಮ್ಮನ ಅಂಗಳಕ್ಕೆ ಹದ್ದೊಂದು ಎರಗಿ, ಹೇಂಟೆಯ ಮರಿಯೊಂದನ್ನು ಎತ್ತಿಕೊಂಡು ಹೋಯಿತು. ಅದು ತೆಂಗಿನಮರ ದಾಟಿದ ಮೇಲೆ ನಾಯಿ ಎದ್ದು ಗಂಟಲು ಹರಿಯುವಂತೆ ಬೊಗಳಿತು. ಪುಟ್ಟೀರಮ್ಮ ಓಡಿಬಂದು, "ಇವನಿದ್ದದ್ದಕ್ಕೆ ಮಿಕ್ಕ ಮರಿಗಳಾದರೂ ಉಳಿದವು" ಎಂದು ಅದಕ್ಕೆ ಮುದ್ದೆ ಹಾಕಿದಳು.

"ನಾಯಣ್ಣ, ಹದ್ದು ಸುತ್ತುವಾಗ ನೀನು ಕಣ್ಣು ಬಿಟ್ಟುಕೊಂಡೇ ಮಲಗಿದ್ದೆಯಲ್ಲ. ಮೊದಲೇ ಏಕೆ ಬೊಗಳಲಿಲ್ಲ?" ಎಂದಿತು ಹೇಂಟೆ.

"ಮೊನ್ನೆ ಮೊದಲೇ ಬೊಗಳಿದೆನಮ್ಮ," ಎಂದಿತು ನಾಯಿ. "ಹದ್ದು ಹಾಗೇ ತಿರುಗಿ ಹೋಯಿತು, ಒಂದು ಮರಿಯೂ ಹೋಗಲಿಲ್ಲ. ಸುಮ್ಮಸುಮ್ಮನೆ ಬೊಗಳಿ ನಿದ್ದೆ ಕೆಡಿಸಿದೆ ಎಂದು ಯಜಮಾನಿ ಸೌದೆಯಲ್ಲೇ ಬಾರಿಸಿದಳು."

"ಹಾಗಾದರೆ ನಾನೇ ಕೂಗುತ್ತೇನೆ ಬಿಡು," ಎಂದಿತು ಹೇಂಟೆ.

ಮರುದಿನ ಅಂಗಳದಲ್ಲಿ ಹದ್ದಿನ ನೆರಳು ಕಂಡೊಡನೆ ಅದು ಕತ್ತು ಚಾಚಿ ಹುಂಜದಂತೆ ಕೂಗಿತು. ಹದ್ದು ಬೆದರಿ ದೂರ ಹಾರಿತು. ಪುಟ್ಟೀರಮ್ಮ ಹೊರಬಂದು ನೋಡಿದರೆ ಆಕಾಶ ಖಾಲಿ, ಮರಿಗಳೆಲ್ಲ ಕ್ಷೇಮ. "ಹೇಂಟೆ ಹುಂಜದ ಹಾಗೆ ಕೂಗಿದರೆ ಮನೆಗೆ ಕೇಡು" ಎಂದವಳೇ ಕೋಳಿಸಾರಿಗೆ ಮಸಾಲೆ ಅರೆಯಲು ಕುಳಿತಳು.

ಸಾರು ಒಲೆಯಿಂದ ಇಳಿದ ಮೇಲೆ ನಾಯಿ ಎದ್ದು ಗಂಟಲು ಹರಿಯುವಂತೆ ಬೊಗಳಿತು. ಅದಕ್ಕೆ ಮೂಳೆ ಸಿಕ್ಕಿತು.