ವೈದ್ಯನು ಬಿಟ್ಟ ಮದ್ದು

“ಗುರುಗಳೇ, ಕೈಯಿಂದ ಒಂದು ತಪ್ಪು ನಡೆದುಹೋಯಿತು ಎನ್ನಿ. ಅದಕ್ಕೆ ಕಾರಣವಾದ ವಸ್ತುವನ್ನು ಮತ್ತೆಂದೂ ಮುಟ್ಟದಿದ್ದರೆ ಪ್ರಾಯಶ್ಚಿತ್ತವಾಗುವುದಿಲ್ಲವೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಹಲ್ಲಿನ ವೈದ್ಯನಿದ್ದ. ಹಲ್ಲು ಕೀಳುವ ಮುನ್ನ ದವಡೆಗೆ ಮರಗಟ್ಟಿಸುವ ಮದ್ದು ಚುಚ್ಚುತ್ತಿದ್ದ. ಅದರೊಳಗೆ ಇನ್ನೊಂದು ಮದ್ದು ಸೇರಿರುತ್ತಿತ್ತು. ಅದು ಅಲ್ಲಿಯ ರಕ್ತನಾಳಗಳನ್ನು ಬಿಗಿಹಿಡಿಯುತ್ತದೆ. ಆಗ ಮರಗಟ್ಟಿದ್ದು ಬೇಗ ಬಿಡುವುದಿಲ್ಲ, ರಕ್ತವೂ ಹೆಚ್ಚು ಹರಿಯುವುದಿಲ್ಲ. ಆದರೆ ಹೃದಯದ ಕಾಯಿಲೆ ಇದ್ದವರಿಗೆ ಅದನ್ನು ನೋಡಿಕೊಂಡು ಕೊಡಬೇಕು.

ಒಂದು ದಿನ ಹೊರಗೆ ಬಹಳ ಜನ ಕಾದಿದ್ದರು. ಒಬ್ಬ ನೇಕಾರ ಬಂದು ಕುಳಿತ. ವೈದ್ಯ ಏನನ್ನೂ ವಿಚಾರಿಸದೆ ಸೂಜಿ ಚುಚ್ಚಿದ. ನೇಕಾರನಿಗೆ ಹೃದ್ರೋಗವಿತ್ತು. ಎದೆ ಡವಗುಟ್ಟಿತು, ಮೈಯೆಲ್ಲ ಬೆವರಿತು, ಕುರ್ಚಿಯಲ್ಲೇ ಕುಸಿದ. ದೊಡ್ಡ ಆಸ್ಪತ್ರೆಗೆ ಒಯ್ದರು. ಜೀವವೇನೋ ಉಳಿಯಿತು, ಆದರೆ ಮತ್ತೆ ಮಗ್ಗಕ್ಕೆ ಕೂರುವ ಶಕ್ತಿ ಬರಲಿಲ್ಲ.

ವೈದ್ಯ ಅತ್ತ. ರಕ್ತನಾಳ ಬಿಗಿಯುವ ಆ ಮದ್ದನ್ನು ಇನ್ನು ಯಾರಿಗೂ ಕೊಡುವುದಿಲ್ಲವೆಂದು ಆಣೆ ಮಾಡಿದ. ಜನ ಅವನನ್ನು ಧರ್ಮಾತ್ಮನೆಂದರು.

ಎರಡು ವರ್ಷದ ಮೇಲೆ, ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸೊಬ್ಬಳನ್ನು ಅವಳ ಗಂಡ ಕರೆತಂದ. ಗಟ್ಟಿಮುಟ್ಟಾದ ಹೆಂಗಸು. ಆ ಮದ್ದು ಅವಳಿಗೆ ಏನೂ ಕೇಡು ಮಾಡುತ್ತಿರಲಿಲ್ಲ. ಅವಳಿಗೆ ಕಾಯಿಲೆ ಏನಾದರೂ ಇದೆಯೇ ಎಂದು ವೈದ್ಯ ವಿಚಾರಿಸಲಿಲ್ಲ. ಆಣೆಯಂತೆ, ಬರಿಯ ಮರಗಟ್ಟಿಸುವ ಮದ್ದನ್ನಷ್ಟೇ ಚುಚ್ಚಿದ. ದವಡೆಹಲ್ಲು ಅರ್ಧ ಬರುವಷ್ಟರಲ್ಲಿ ಮರಗಟ್ಟಿದ್ದು ಬಿಟ್ಟಿತು. ಅವಳು ಚೀರಿದಳು.

“ಸ್ವಲ್ಪ ತಡಕೋ ತಾಯಿ, ಆಗೇಹೋಯಿತು,” ಎಂದ ವೈದ್ಯ.

ಅವಳು ಅವನ ಕೈ ತಳ್ಳಿ ಎದ್ದು ಹೋದಳು. ಹಲ್ಲು ಮುರಿದು ಬೇರು ಒಳಗೇ ಉಳಿದಿತ್ತು. ಅದು ಕೀವು ಕಟ್ಟಿತು. ಗಂಡ ಎಷ್ಟು ಬೇಡಿಕೊಂಡರೂ ಅವಳು ಬೇರೆ ವೈದ್ಯರ ಬಳಿಗೂ ಹೋಗಲಿಲ್ಲ. ಬಾವು ಗಂಟಲಿಗೆ ಇಳಿದು, ಉಸಿರು ಕಟ್ಟಿ ತೀರಿಕೊಂಡಳು.

ಸುದ್ದಿ ತಿಳಿದು ವೈದ್ಯ ಅವಳ ಮನೆಗೆ ಹೋದ. ಗಂಡ ಬೈಯಲಿಲ್ಲ. “ನೀವು ಒಳ್ಳೆಯವರು ಅಂತಲೇ ಕರೆತಂದಿದ್ದೆ ಸ್ವಾಮಿ. ನಿಮ್ಮ ಕುರ್ಚಿ ನೆನೆದರೆ ನಡುಗುತ್ತಿದ್ದಳು,” ಎಂದಷ್ಟೇ ಹೇಳಿದ. ವೈದ್ಯನಿಗೆ ಹೊಸಿಲು ದಾಟಲಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಲೆ ತಗ್ಗಿಸಿ ಕೇಳಿದ: “ಕೊಟ್ಟಾಗಲೂ ಕೇಡಾಯಿತು, ಬಿಟ್ಟಾಗಲೂ ಕೇಡಾಯಿತು. ಹಾಗಾದರೆ ಅವನು ಬಿಡಬೇಕಾಗಿದ್ದದ್ದು ಏನನ್ನು?”

“ವಿಚಾರಿಸದಿರುವುದನ್ನು, ಮಗು, ಅದೊಂದನ್ನೇ ಅವನು ಬಿಡಲಿಲ್ಲ.”